ಬಿಕ್ಕಳಿಸುವ ಮೋಟಾರ್ ಸೈಕಲ್ಲು

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ, ಹಲ್ಲು ಕಟ್ಟುವವನಿಗೆ ಮೋಟಾರ್ ಸೈಕಲ್ಲಿಲ್ಲ ಎಂದು ಬಲ್ಲವರು ಹೇಳಿದ್ದಾರೆ. ಬಲ್ಲವರು ಹೇಳಿದ್ದು ಮೊದಲೆರಡೇ, ಮೂರನೆಯದು ಆಮೇಲೆ ಯಾರೋ ಅಂಟಿಸಿದ್ದು ಎಂದು ತಗಾದೆ ತೆಗೆಯುವವರು ದಯವಿಟ್ಟು ಕೊನೆಯವರೆಗೆ ಕೂರಬೇಕು. ಇದು ನಡೆದ ಕತೆ. ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಇದರಲ್ಲಿ ಹಲ್ಲನ್ನು ಕಟ್ಟಿದ್ದುಂಟು, ಕತೆಯನ್ನು ಕಟ್ಟಿದ್ದಿಲ್ಲ.

ಗುಡುಗುಡಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹೆಂಡತಿ ಅವನನ್ನು 'ರೀ' ಅನ್ನುತ್ತಿದ್ದಳು, ಉಳಿದವರು ಗುಡುಗುಡಣ್ಣ ಅನ್ನುತ್ತಿದ್ದರು, ಹೀಗಾಗಿ ಆ ಹೆಸರು ಬಳಕೆಯಿಲ್ಲದೆ ಹೊಸದಾಗಿಯೇ ಉಳಿದಿತ್ತು. ಅವನ ಕೆಲಸ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಬಾಯಿ ತೆರೆಸಿ ಅಚ್ಚು ತೆಗೆದು ಕಳಿಸಿದರೆ, ಇವನು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣ ಕರಗಿಸಿ, ಗುಲಾಬಿ ಬಣ್ಣದ ಒಸಡು ಮಾಡಿ, ಅದರಲ್ಲಿ ಹಲ್ಲು ನೆಟ್ಟು, ಉಜ್ಜಿ ಹೊಳಪು ಕೊಟ್ಟು ಮುಂದಕ್ಕೆ ಕಳಿಸಬೇಕು. ರೋಗಿಗಳು ಹಿಂದೆ ಬರುವಂತಿಲ್ಲ, ಇವನು ಮುಂದೆ ಹೋಗುವಂತಿಲ್ಲ. ಹೋದರೆ ಇವನ ಮೈಮೇಲಿನ ಪ್ಲಾಸ್ಟರ್ ಪುಡಿ ನೋಡಿ, ಒಳಗೆ ಬಾಯಿ ರಿಪೇರಿಯೋ ಗೋಡೆ ರಿಪೇರಿಯೋ ಎಂದು ಹೆದರಿ ರೋಗಿಗಳು ಎದ್ದು ಹೋಗುತ್ತಿದ್ದರು. ಹಾಗಾಗಿ ಊರಿನ ಅರ್ಧ ಜನರ ದವಡೆ ಅವನಿಗೆ ಬಾಯಿಪಾಠ, ಮುಖ ಮಾತ್ರ ಒಂದೂ ಗೊತ್ತಿಲ್ಲ. ಬೀದಿಯಲ್ಲಿ ಎದುರಾದವರನ್ನು ಅವನು ಗುರುತು ಹಿಡಿಯಬೇಕಾದರೆ ಅವರು ಆಕಳಿಸಬೇಕಿತ್ತು.

ಅವನ ಹೆಸರಿಗೆ ಕಾರಣವಾದ ಮೋಟಾರ್ ಸೈಕಲ್ಲನ್ನು ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡಿದ್ದ. ಕೊಳ್ಳುವಾಗಲೇ ಅದು ಎಷ್ಟೋ ಕೈ ದಾಟಿ ಬಂದಿತ್ತು. ಬಣ್ಣ ಕಡುಗೆಂಪು. ಸ್ವಭಾವ ರಜೆಯ ದಿನದ ಮಗುವಿನದು. ಎಬ್ಬಿಸಬೇಕಾದರೆ ಎಡಕ್ಕೆ ವಾಲಿಸಿ, ಟ್ಯಾಂಕು ನೇವರಿಸಿ, ಒಂದು ಒಳ್ಳೆಯ ಮಾತಾಡಿ ಆಮೇಲೆ ಕಿಕ್ಕರ್ ತುಳಿಯಬೇಕು. ಎದ್ದಿತೋ, ಗುಡು ಗುಡು ಗುಡು ಗುಡು... ಬಿಕ್! ನಾಲ್ಕು ಗುಡುಗಿಗೊಂದು ಬಿಕ್ಕಳಿಕೆ. ಮೆಕ್ಯಾನಿಕ್ಕುಗಳೆಲ್ಲ ಬಿಚ್ಚಿ ಕಟ್ಟಿ ಸೋತರು. ಕೊನೆಯವನು "ಸ್ವಲ್ಪ ನೀರು ಕುಡಿಸಿ ನೋಡಿ ಸಾರ್" ಎಂದು ಕೈಮುಗಿದ.

ಒಮ್ಮೆ, ಎಬ್ಬಿಸುವಾಗ ಎಳೆಯುವ ಅದರ ಚೋಕಿನ ಗುಂಡಿ ಮುರಿದುಬಿತ್ತು. ಎಲ್ಲಿ ಹುಡುಕಿದರೂ ಇನ್ನೊಂದು ಸಿಗಲಿಲ್ಲ. ಗುಡುಗುಡಣ್ಣ ತನ್ನ ಕಸುಬಿಗೆ ತಕ್ಕಂತೆ ಒಸಡಿಗೆ ಹಾಕುವ ಗುಲಾಬಿ ಅಕ್ರಿಲಿಕ್ ಕಲಸಿ, ಅದರ ಮೇಲೆ ಒಂದು ದಪ್ಪನೆಯ ದವಡೆಹಲ್ಲು ಕೂರಿಸಿ ಹೊಸ ಗುಂಡಿ ಮಾಡಿದ. ಹೀಗೆ ಬುದ್ಧಿಹಲ್ಲು ಬಂದ ಮೋಟಾರ್ ಸೈಕಲ್ಲು ಬೇರೆಲ್ಲೂ ಇರಲಾರದು. ಅದರ ಯಜಮಾನನಿಗೆ ಮಾತ್ರ ಆ ಹಲ್ಲು ಇನ್ನೂ ಬಂದಿರಲಿಲ್ಲ ಎಂಬುದಕ್ಕೆ ಸಾಕ್ಷಿ, ಅವನು ಅದನ್ನು ಮಾರಿದ.

ಮಗಳು ಹುಟ್ಟಿದ್ದಳು. ಮನೆಗೊಂದು ಫ್ರಿಜ್ಜು ಬೇಕಾಗಿತ್ತು. ದಲ್ಲಾಳಿಯೊಬ್ಬ ಬಂದು ಗಾಡಿಯನ್ನು ತಳ್ಳಿಕೊಂಡು ಹೋದ. ಬೀದಿಯ ತಿರುವಿನಲ್ಲಿ ಅದು ಒಂದು ಸಲ ಬಿಕ್ಕಳಿಸಿತು ಎಂದು ಗುಡುಗುಡಣ್ಣ ಇವತ್ತಿಗೂ ಹೇಳುತ್ತಾನೆ. ತಳ್ಳಿಕೊಂಡು ಹೋಗುವ ಗಾಡಿ ಹೇಗೆ ಬಿಕ್ಕಳಿಸುತ್ತದಪ್ಪಾ ಎಂದು ಕೇಳಿದರೆ, "ನಿಮ್ಮದನ್ನ ಮಾರಿ ನೋಡಿ, ಗೊತ್ತಾಗತ್ತೆ" ಅನ್ನುತ್ತಾನೆ. ಮಗಳು ಬೆಳೆದು ಮದುವೆಯಾಗಿ ಹೋದಳು. ಫ್ರಿಜ್ಜು ಇನ್ನೂ ಇದೆ. ಅದೂ ಗುರುಗುಟ್ಟುತ್ತದೆ. ಆದರೆ ಎಷ್ಟು ಗುರುಗುಟ್ಟಿದರೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ.

ಊಟದ ಹೊತ್ತಿಗೆ ಬುತ್ತಿ ತೆರೆಯುವ ಮುಂಚೆ ಅವನ ಬಾಯಿ ತೆರೆಯುತ್ತಿತ್ತು. "ನನ್ನ ಗಾಡಿ ಇದ್ದಾಗ ಏನಾಯ್ತು ಅಂದ್ರೆ..." ಅಲ್ಲಿಂದ ಶುರುವಾಗಿ ಗುಡು ಗುಡು ಬಿಕ್ ಎಂದು ಅನ್ನದ ಅಗುಳು ಹಾರಿಸುತ್ತಾ ಮುಗಿಯುತ್ತಿತ್ತು. ಕೇಳುವವರು ಇಬ್ಬರೇ: ಡಾಕ್ಟರಮ್ಮ, ಮತ್ತೆ ಕೌಂಟರಿನಲ್ಲಿ ಕೂತು ಟೋಕನ್ ಕೊಡುವ ಗಿಳಿಯಕ್ಕ.

ಈ ಗಿಳಿಯಕ್ಕನ ಗಂಟಲಿನಲ್ಲಿ ಒಂದು ಸಂತೆಯೇ ಇತ್ತು. ಡ್ರಿಲ್ಲಿನ ಸದ್ದು, ಫೋನಿನ ಗಂಟೆ, ಸೂಜಿ ಕಂಡಾಗ ದಢೂತಿ ಆಸಾಮಿಗಳು ಎಳೆಯುವ "ಅಮ್ಮಾ", ಎಲ್ಲ ಅಲ್ಲಿ ದೊರೆಯುತ್ತಿತ್ತು. ಒಮ್ಮೆ ಅವಳು ಡಾಕ್ಟರಮ್ಮನ ದನಿಯಲ್ಲಿ "ಇವತ್ತು ಎಲ್ಲರೂ ಬೇಗ ಮನೆಗೆ ಹೋಗಿ" ಎಂದದ್ದನ್ನು ಕೇಳಿ ಸ್ವತಃ ಡಾಕ್ಟರಮ್ಮನೇ ಕೈಚೀಲ ಎತ್ತಿಕೊಂಡಿದ್ದರು.

ಆ ದಿನ ಬೆಳಿಗ್ಗೆ ಡಾಕ್ಟರಮ್ಮ ಹಿಂದಿನ ಕೋಣೆಗೆ ತಲೆ ಹಾಕಿದರು.

"ಏನ್ರೀ, ಸ್ಟೇಷನ್ ಮಾಸ್ತರ ಸೆಟ್ಟು ಆಯ್ತಾ? ಬಂದು ಕುರ್ಚೀಲಿ ಕೂತಿದಾರೆ. ಸಾಯಂಕಾಲ ಹಳೇ ಸ್ನೇಹಿತರೆಲ್ಲ ಸೇರಿ ಫೋಟೋ ತೆಗೆಸ್ಕೋತಾರಂತೆ. ನಗಬೇಕಂತೆ."

"ಕೊನೇ ಪಾಲಿಷ್ ಅಮ್ಮಾ. ಐದೇ ನಿಮಿಷ."

"ಆಗ್ಲಿಂದ ಐದೇ ನಿಮಿಷ ಅಂತಿದೀರಿ. ಅವರು ಕೆಲಸದಲ್ಲಿರೋ ತನಕ ರೈಲು ಲೇಟು ಅಂತ ಊರಿಗೆಲ್ಲ ಹೇಳಿದವರು. ಅವರಿಗೇ ಲೇಟು ಅಂತ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ."

ಬಾಯಿ ಬರದಿದ್ದದ್ದು ಸ್ಟೇಷನ್ ಮಾಸ್ತರಿಗೆ. ಗುಡುಗುಡಣ್ಣ ಅವರನ್ನು ಕಂಡವನಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಮೇಲ್ದವಡೆ ಅಗಲ, ಕೆಳದವಡೆ ಸ್ವಲ್ಪ ಎಡಕ್ಕೆ ವಾಲಿದೆ, ಹಟಮಾರಿ ದವಡೆ. ಅವನು ಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, ಮೇಲೆ ಎತ್ತರದಲ್ಲಿದ್ದ ಮಸಿ ಹಿಡಿದ ಕಿಟಕಿಯಾಚೆ, ಹಿಂದಿನ ಓಣಿಯಲ್ಲಿ, ಆ ಸದ್ದು ಕೇಳಿಸಿತು.

ಗುಡು ಗುಡು ಗುಡು ಗುಡು... ಬಿಕ್!

ಗುಡುಗುಡಣ್ಣ ಮೊದಲು ಹಲ್ಲು ಕಚ್ಚಿದ. "ಗಿಳೀ! ನಿಂಗೆ ಬೇರೆ ಕೆಲ್ಸ ಇಲ್ವಾ?" ಎಂದು ಕೂಗಬೇಕು, ಅಷ್ಟರಲ್ಲಿ ಬಿಕ್ಕಳಿಕೆಯ ಬೆನ್ನಿಗೇ ಇನ್ನೊಂದು ಸದ್ದು ಬಂತು. ದೂರದ ಊರಿಂದ ನಡೆದು ಬಂದ ಮುದುಕಿ ಜಗಲಿಯ ಮೇಲೆ ಕೂರುವಾಗ ಬಿಡುವಂಥ ಒಂದು ಉದ್ದನೆಯ ನಿಟ್ಟುಸಿರು. ಹೂಂ... ಮ್.

ಅವನ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಹೌದಲ್ಲ! ನಿಟ್ಟುಸಿರು! ಎಕ್ಸಲರೇಟರು ಬಿಟ್ಟಾಗ ಅದು ನಿಟ್ಟುಸಿರು ಬಿಡುತ್ತಿತ್ತು! ಇಷ್ಟು ವರ್ಷ ಅದು ಅವನಿಗೇ ಮರೆತುಹೋಗಿತ್ತು. ತನಗೇ ಮರೆತದ್ದನ್ನು ಗಿಳಿಗೆ ಅವನು ಹೇಗೆ ಹೇಳಿರಲು ಸಾಧ್ಯ? ಹಾಗಾದರೆ ಇದು ಗಿಳಿಯಲ್ಲ. ಇದು ಅದೇ. ಅದೇ ಗಾಡಿ ಇವನನ್ನು ಹುಡುಕಿಕೊಂಡು ಬಂದಿದೆ!

ಕೈಯಲ್ಲಿದ್ದ ಸೆಟ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಹಿಂಬಾಗಿಲಿಗೆ ಹೊರಗಿನಿಂದ ಯಾರೋ ಚಿಲಕ ಹಾಕಿದ್ದರಿಂದ ಪಕ್ಕದ ಬಾಗಿಲಿನಿಂದ ಬೀದಿಗೆ ಹಾರಿ, ಕಟ್ಟಡ ಸುತ್ತಿ ಓಣಿಗೆ ಬರುವಷ್ಟರಲ್ಲಿ ಓಣಿ ಖಾಲಿ. ಒಂದು ಬೆಕ್ಕು ಮಾತ್ರ ಕೂತಿತ್ತು. ಅದಕ್ಕೆ ಬಾಯಿದ್ದರೂ ಹೇಳಲಿಲ್ಲ.

ಓಣಿಯ ಬಾಯಲ್ಲಿ ಕಟಿಂಗ್ ಶಾಪು. "ಇಲ್ಲೊಂದು ಕೆಂಪು ಮೋಟಾರ್ ಸೈಕಲ್ ಹೋಯ್ತಾ?" ಎಂದು ಗುಡುಗುಡಣ್ಣ ಏದುಸಿರಿನಲ್ಲಿ ಕೇಳಿದ. ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಗಡ್ಡ ಅಲ್ಲೇ ಬಿಟ್ಟು ಕತ್ತಿ ಹಿಡಿದುಕೊಂಡೇ ಹೊರಗೆ ಬಂದ.

"ಕೆಂಪಾ? ಹೋಯ್ತು ಹೋಯ್ತು. ಹಿಂಗೇ ಹೋಯ್ತು. ಕೆಂಪು ಅಂದ್ಕೂಡ್ಲೆ ನೆನಪಾಯ್ತು ನೋಡಣ್ಣ, ನಂದು ಕಪ್ಪು. ಮೊದಲನೇದು. ಏನು ಗಾಡಿ ಅಂತೀಯ! ಇಳಿಜಾರಲ್ಲಿ ಬಿಟ್ರೆ ತಾನೇ ಹಾಡು ಹೇಳ್ತಿತ್ತು."

"ಯಾವ ಕಡೆ ಹೋಯ್ತು ಅಂದ್ರಿ?"

"ಮಾರ್ಬಿಟ್ಟೆ ಅಣ್ಣ. ಅಂಗಡೀಗೆ ಈ ದೊಡ್ಡ ಕನ್ನಡಿ ಹಾಕಿಸ್ಬೇಕಿತ್ತು, ಅದಕ್ಕೆ ಮಾರ್ದೆ. ಈಗ ದಿನಾ ಬೆಳಗಾದ್ರೆ ಆ ಕನ್ನಡೀಲಿ ಗಾಡಿ ಮಾರಿದವನ ಮುಖ ನೋಡ್ಬೇಕು. ನನ್ನ ಕರ್ಮ."

ಗುಡುಗುಡಣ್ಣನಿಗೂ ಕಣ್ಣು ಒದ್ದೆಯಾಯಿತು, ಹಣೆಯಂತೂ ಮೊದಲೇ ಒದ್ದೆಯಾಗಿತ್ತು. ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿಕೊಂಡ. ಕಟಿಂಗ್ ಶಾಪಿನವನು ಕತ್ತಿ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಅಣ್ಣಾ! ನಿನ್ನ ಕರ್ಚೀಪು ಹಣೆ ಕಚ್ತಿದೆ!"

ನೋಡಿದರೆ ಕೈಯಲ್ಲಿರುವುದು ಸ್ಟೇಷನ್ ಮಾಸ್ತರ ಕೆಳಸೆಟ್ಟು. ಗಾಬರಿಯಲ್ಲಿ ಅದನ್ನು ಕೈಯಲ್ಲೇ ಹಿಡಿದು ಕಟಿಂಗ್ ಶಾಪಿನವನು ತೋರಿಸಿದ ದಿಕ್ಕಿಗೆ ಗುಡುಗುಡಣ್ಣ ಓಡಿದ. ಮೂಲೆ ತಿರುಗುವಾಗ ಎದುರಿನಿಂದ ಓಡಿಬರುತ್ತಿದ್ದ ಒಬ್ಬ ಹಿರಿಯರಿಗೆ ಢಿಕ್ಕಿ ಹೊಡೆದ. ಸೆಟ್ಟು ಎಗರಿ ನೆಲಕ್ಕೆ ಬಿದ್ದು ಕಟಕಟ ಎಂದು ಕುಣಿದು, ಇಬ್ಬರ ನಡುವೆ ಅಂಗಾತ ಮಲಗಿತು.

ಹಿರಿಯರ ಎದೆಯ ಮೇಲೆ ಹಸಿರು ಬಟ್ಟೆ ಕಟ್ಟಿತ್ತು. ಕಟಿಂಗ್ ಶಾಪಿನ ಗಿರಾಕಿ ಇರಬೇಕು, ಅರ್ಧ ಗಡ್ಡಕ್ಕೆ ಬೇಸತ್ತು ಎದ್ದು ಬಂದಿದ್ದಾರೆ, ಪಾಪ, ಎಂದುಕೊಂಡ ಗುಡುಗುಡಣ್ಣ. ಅವರ ಗಡ್ಡ ಪೂರ್ತಿ ಬೋಳಾಗಿತ್ತು ಎಂಬುದನ್ನು ನೋಡುವ ವ್ಯವಧಾನ ಅವನಿಗಿರಲಿಲ್ಲ.

"ಯಜಮಾನ್ರೇ, ಒಂದು ಮೋಟಾರ್ ಸೈಕಲ್ ಸದ್ದು ಕೇಳಿಸ್ತಾ ನಿಮಗೆ?"

ಹಿರಿಯರು ಹಸಿರು ಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡು, ಕಣ್ಣರಳಿಸಿ, ಹೌದು ಹೌದು ಎಂದು ತಲೆಯಾಡಿಸಿದರು. ಬಾಯಿ ಮಾತ್ರ ಬಿಡಲಿಲ್ಲ. ಕೆಳಗೆ ಬಿದ್ದಿದ್ದ ಹಲ್ಲನ್ನು ನೋಡಿ, ಹಾವು ದಾಟುವವರಂತೆ ಪಂಚೆ ಎತ್ತಿ ದಾಟಿ, ಓಡಿಯೇ ಹೋದರು. ಗುಡುಗುಡಣ್ಣ ಬಗ್ಗಿ ಹಲ್ಲನ್ನು ಎತ್ತಿಕೊಂಡು ಇನ್ನೊಂದು ದಿಕ್ಕಿಗೆ ಓಡಿದ. ಮುಂಭಾಗದ ಒಂದು ಹಲ್ಲು ನೆಲದ ಮೇಲೇ ಉಳಿದದ್ದು ಅವನಿಗೆ ಗೊತ್ತಾಗಲಿಲ್ಲ.

ದೊಡ್ಡ ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವರು ನಿಂತಿದ್ದರು. ಗುಡುಗುಡಣ್ಣ ವಿಷಯ ಹೇಳಿದ. ಅವರು ಕನ್ನಡಕ ತೆಗೆದರು. ಗುಡುಗುಡಣ್ಣನ ಹೆಗಲ ಮೇಲೆ ಕೈಯಿಟ್ಟರು.

"ಮೊದಲನೇ ಗಾಡಿನಾ?"

"ಹೌದು ಸಾರ್."

"ಮಾರ್ಬಿಟ್ರಾ?"

"ಹೌದು ಸಾರ್."

"ನಾನೂ." ಪೊಲೀಸಿನವರು ಕೊರಳಿನ ಸೀಟಿಯನ್ನು ಕೈಗೆ ತೆಗೆದುಕೊಂಡರು. "ನಿಂತ್ಕೊಳ್ಳಿ ಇಲ್ಲಿ. ಎಲ್ಲಾ ಗಾಡಿ ನಿಲ್ಲಿಸ್ತೀನಿ. ಒಂದೊಂದಾಗಿ ಕೇಳಿಸ್ಕೊಂಡು ಹೇಳಿ, ಯಾವುದು ಅಂತ."

ಸೀಟಿ ಊದಿ ನಾಲ್ಕೂ ಕಡೆ ಕೈ ಅಡ್ಡ ಹಿಡಿದರು. ನಾಲ್ಕೂ ರಸ್ತೆ ನಿಂತಿತು. ಯಾಕೆ, ಏನು ಎಂದು ಜನ ತಲೆ ಹೊರಗೆ ಹಾಕಿದರು. ಮೊದಲನೇ ಗಾಡಿ ಕಳೆದುಕೊಂಡವರಂತೆ, ಸದ್ದು ಕೇಳಿಸಿತಂತೆ ಎಂದು ಸುದ್ದಿ ಹಿಂದಕ್ಕೆ ಹಬ್ಬಿತು. ಅಷ್ಟೇ ಸಾಕಾಯಿತು. ದೊಡ್ಡ ಕಾರಿನ ಕಿಟಕಿ ಇಳಿಸಿ ಒಬ್ಬರು, "ನಂದು ನೀಲೀದು ಇತ್ತು. ಇದನ್ನ ತಗೊಳ್ಳೋವಾಗ ಅದನ್ನ ಕೊಟ್ಬಿಟ್ಟೆ. ಇದರಲ್ಲಿ ಗಾಳಿ ಬರಬೇಕಾದ್ರೂ ಗುಂಡಿ ಒತ್ತಬೇಕು" ಎಂದರು. ಲಾರಿಯವನು ಮೇಲಿಂದ ಇಳಿದು ಬಂದು, "ನಮ್ಮ ಮಾವ ಕೇಳ್ದ ಅಂತ ಕೊಟ್ಟೆ. ಅವನು ಅದರ ಹೆಡ್‌ಲೈಟಿಗೆ ಪ್ಲಾಸ್ಟಿಕ್ ಹೂವು ಕಟ್ದ. ಅವತ್ತಿಂದ ಅವನತ್ರ ಮಾತಿಲ್ಲ" ಎಂದ. ಹಿಂದೆ ಸ್ಕೂಟರಿನಲ್ಲಿದ್ದ ದರ್ಜಿಯಮ್ಮ, "ನಮ್ಮೆಜಮಾನ್ರು ನಂಗೆ ಕಲಿಸಿದ್ದು ಅದರಲ್ಲೇ. ಬೀಳ್ಸಿದ್ದು ಒಂದೇ ಸಲ, ಅವರನ್ನ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ವೃತ್ತವೆಲ್ಲ ಸಂತಾಪ ಸಭೆಯಾಯಿತು. ಹಾರನ್ ಮಾಡುತ್ತಿದ್ದವನು ಒಬ್ಬನೇ ಒಬ್ಬ. ಅವನದು ಇನ್ನೂ ಮೊದಲನೇ ಗಾಡಿ, ಹೊಸದು.

"ಆಡ್ಕೊಳ್ಳಪ್ಪ ಆಡ್ಕೋ," ಎಂದರು ಪೊಲೀಸಿನವರು, "ಮಾರೋ ದಿನ ನಿಂಗೂ ಬರತ್ತೆ."

ಎಲ್ಲ ಗಾಡಿಗಳ ಸದ್ದೂ ಕೇಳಿದ್ದಾಯಿತು. ಒಂದೂ ಬಿಕ್ಕಳಿಸಲಿಲ್ಲ. ಗುಡುಗುಡಣ್ಣ ಪಕ್ಕದ ಕಟ್ಟೆಯ ಮೇಲೆ ಕುಸಿದು ಹೆಂಡತಿಗೆ ಫೋನು ಮಾಡಿದ.

"ಲೇ, ನಮ್ಮ ಗಾಡಿ ಸಿಕ್ತು ಕಣೇ!"

"ಹೌದಾ ರೀ! ಎಲ್ಲಿ?"

"ಸಿಕ್ಕಿಲ್ಲ. ಕೇಳಿಸ್ತು."

ಆ ಕಡೆ ಒಲೆ ಆರಿಸಿದ ಸದ್ದಾಯಿತು. ಆಮೇಲೆ, "ಹೇಗಿತ್ತು? ಅದೇ ಥರಾನೇ ಇತ್ತಾ?"

"ಅದೇ ಥರ ಏನು, ಅದೇ! ಕಣ್ಣು ಮುಚ್ಚಿದ್ರೆ ನೀನು ಹಿಂದೆ ಕೂತ ಹಾಗಾಯ್ತು."

"ಅಯ್ಯೋ, ಅಷ್ಟು ಚೆನ್ನಾಗಿ ಬಂತಾ?" ಎಂದಳು ಹೆಂಡತಿ. ಪರೀಕ್ಷೆಯಲ್ಲಿ ಪಾಸಾದವರ ದನಿ. ಗುಡುಗುಡಣ್ಣನಿಗೆ ಅದು ಸಂತೋಷದ ದನಿಯಾಗಿಯೇ ಕೇಳಿಸಿತು. "ರೀ, ಗಾಡಿ ಸಿಕ್ರೆ ಒಂದು ನೋಡಿ. ಹಿಂದಿನವರು ಹಿಡ್ಕೊಳ್ಳೋಕೆ ಅಂತ ಒಂದು ಕಂಬಿ ಇತ್ತಲ್ಲ, ಇದೆಯಾ ಅಂತ."

"ನೀನು ಯಾವತ್ತೇ ಕಂಬಿ ಹಿಡ್ಕೊಂಡಿದ್ದೆ?"

"ಅದಕ್ಕೇ ಕೇಳಿದ್ದು. ಹೊಸದಾಗೇ ಇರಬೇಕು."

ಗುಡುಗುಡಣ್ಣನಿಗೆ ಇದ್ದಕ್ಕಿದ್ದ ಹಾಗೆ ಸೊಂಟದ ಸುತ್ತ ಬೆಚ್ಚಗಾಯಿತು. ಇವತ್ತು ಗಾಡಿ ಇಲ್ಲದೆ ಮನೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿ ಎದ್ದ. ಎದ್ದು ಕ್ಲಿನಿಕ್ಕಿನ ಬೀದಿಗೆ ತಿರುಗಿದನೋ ಇಲ್ಲವೋ, ಮತ್ತೆ ಅದೇ ಓಣಿಯಿಂದ, ಗುಡು ಗುಡು ಗುಡು ಗುಡು... ಬಿಕ್! ಹೂಂ... ಮ್.

ಈ ಸಲ ಅವನು ಸುತ್ತಿ ಬರಲಿಲ್ಲ. ಕಟಿಂಗ್ ಶಾಪಿನ ಪಕ್ಕದ ಗಿಡ್ಡ ಗೋಡೆ ಹತ್ತಿ, ಪ್ಯಾಂಟಿನ ಒಂದು ಭಾಗವನ್ನು ಗೋಡೆಗೇ ಬಿಟ್ಟುಕೊಟ್ಟು, ಓಣಿಗೆ ಧುಮುಕಿದ.

ಓಣಿಯಲ್ಲಿ ಕ್ಲಿನಿಕ್ಕಿನ ಹಿಂಬಾಗಿಲ ಮೆಟ್ಟಿಲ ಮೇಲೆ, ಪ್ಲಾಸ್ಟರಿನ ಖಾಲಿ ತಗಡು ಡಬ್ಬದೊಳಗೆ ಮುಖ ಹುದುಗಿಸಿಕೊಂಡು ಗಿಳಿಯಕ್ಕ ಕೂತಿದ್ದಳು. ಅವಳ ಪಕ್ಕದಲ್ಲಿ ಡಾಕ್ಟರಮ್ಮ ನಿಂತು, "ಇನ್ನೂ ಜೋರಾಗಿ ಮಾಡೇ, ಎಷ್ಟು ದೂರ ಹೋಗಿದಾರೋ" ಅನ್ನುತ್ತಿದ್ದರು.

ಗುಡುಗುಡಣ್ಣ ನಿಂತಲ್ಲೇ ನಿಂತ. ಡಬ್ಬ ಕೆಳಗಿಳಿಯಿತು. ಗಿಳಿಯಕ್ಕನ ಮೂಗು, ಗಲ್ಲ ಎಲ್ಲ ಬೆಳ್ಳಗೆ ಪ್ಲಾಸ್ಟರ್ ಪುಡಿ.

"ತಪ್ಪಾಯ್ತು ಗುಡುಗುಡಣ್ಣ," ಎಂದಳು. "ಒಂದು ನಿಮಿಷದ ತಮಾಷೆ ಅಂತ ಮಾಡ್ದೆ. ನೀವು ಹಲ್ಲು ಸಮೇತ ಮಾಯ ಆಗ್ಬಿಟ್ರಿ. ಫೋನು ಮಾಡಿದ್ರೆ ಯಾರ ಹತ್ರಾನೋ ಮಾತಾಡ್ತಿದ್ರಿ. ವಾಪಸ್ ಕರೆಸೋಕೆ ಇದೊಂದೇ ದಾರಿ ಉಳಿದಿದ್ದು."

ಅವನು ಬಯ್ಯುತ್ತಾನೆ ಎಂದು ಇಬ್ಬರೂ ಕಾದರು. ಅವನು ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತ. ಡಬ್ಬವನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿ ನೋಡಿದ, ಗಾಡಿ ಅಲ್ಲೇ ಎಲ್ಲಾದರೂ ಮೂಲೆಯಲ್ಲಿ ಉಳಿದಿದೆಯೇನೋ ಎನ್ನುವ ಹಾಗೆ. ಅದನ್ನು ನೋಡಿ ಗಿಳಿಯಕ್ಕನ ಗಂಟಲಿನ ಸಂತೆ ಪೂರ್ತಿ ಬಾಗಿಲು ಹಾಕಿತು.

"ಇರಲಿ ಬಿಡು," ಎಂದ ಗುಡುಗುಡಣ್ಣ. "ಆದ್ರೆ ಗಿಳೀ, ಆ ನಿಟ್ಟುಸಿರು ನಿಂಗೆ ಹೇಗೆ..."

ಮಾತು ಮುಗಿಯಲಿಲ್ಲ. ಓಣಿಯ ಆ ತುದಿಯಿಂದ ಹಸಿರು ಬಟ್ಟೆಯ ಹಿರಿಯರು ಒಂದು ಕೈಯಲ್ಲಿ ಬೀಗದ ಕೈ ಆಡಿಸುತ್ತಾ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಓಡೋಡಿ ಬಂದರು. ಹಲ್ಲಿಲ್ಲದ ಬಾಯಿಯಿಂದ ಮಾತೆಲ್ಲ ಗಾಳಿಯಾಗಿ ಹೊರಡುತ್ತಿತ್ತು.

"ಮಾಸ್ತರೇ! ಎಲ್ಲಿಗೆ ಹೋಗಿದ್ರಿ?" ಎಂದರು ಡಾಕ್ಟರಮ್ಮ. "ಕುರ್ಚೀಲಿ ಕೂರಿಸಿ ಬಂದ್ರೆ ನೀವೇ ಇಲ್ಲ! ಏನ್ರೀ, ಇವರ ಸೆಟ್ಟು ಕೊಡ್ರಿ ಮೊದ್ಲು, ಇವರು ಹೇಳೋದು ಒಂದೂ ತಿಳೀತಿಲ್ಲ."

ಗುಡುಗುಡಣ್ಣ ಜೇಬಿನಿಂದ ಸೆಟ್ಟು ತೆಗೆದ. ಹಿರಿಯರು ಅದನ್ನು ನೋಡಿದರು. ಬೀದಿಯಲ್ಲಿ ತಾವು ಹಾವೆಂಬಂತೆ ದಾಟಿದ್ದು ತಮ್ಮದೇ ಹಲ್ಲು ಎಂದು ಅವರಿಗೆ ಆಗ ಹೊಳೆಯಿತು. ಡಾಕ್ಟರಮ್ಮ ಅದನ್ನು ಒಳಗೆ ಒಯ್ದು ಚೆನ್ನಾಗಿ ತೊಳೆದು ತಂದು ಬಾಯಿಗೆ ಕೂರಿಸಿದರು. ಮುಂಭಾಗದ ಒಂದು ಹಲ್ಲು ಹೋದ ಜಾಗದಿಂದ ಪ್ರತಿ ಮಾತಿಗೂ ಒಂದು ಸೀಟಿ ಹೊರಟು, ಸ್ಟೇಷನ್ ಮಾಸ್ತರು ಮಾತಾಡಿದರೆ ರೈಲು ಬಿಟ್ಟ ಹಾಗಾಯಿತು.

"ಯಾರು ನನ್ನ ಗಾಡಿ ಸ್ಟಾರ್ಟ್ ಮಾಡಿದ್ದು?" ಎಂದರು, ಸೀಟಿ ಸಮೇತ.

"ಯಾವ ಗಾಡಿ?"

"ನನ್ನ ಮೋಟಾರ್ ಸೈಕಲ್ಲು! ಬಾಯಿ ತೆರೆದು ಕೂತಿದ್ದೆ, ಈ ಕಿಟಕಿಯಿಂದ ಸದ್ದು ಬಂತು. ಕಳ್ಳ ಎತ್ಕೊಂಡು ಹೋಗ್ತಿದಾನೆ ಅಂತ ಮನೇಗೆ ಓಡಿದೆ. ನೋಡಿದ್ರೆ ಗಾಡಿ ಇದ್ದಲ್ಲೇ ಇದೆ. ಈಗ ಮತ್ತೆ ಸದ್ದು! ಬೀಗದ ಕೈ ನನ್ನ ಕೈಲಿದೆ, ಗಾಡಿ ಶೆಡ್ಡಲ್ಲಿದೆ, ಸದ್ದು ಇಲ್ಲಿದೆ. ಏನಿದು ಹೇಳಿ? ಅದೇ ಬಿಕ್ಕಳಿಕೆ! ಅದೇ..."

"ನಿಟ್ಟುಸಿರು," ಎಂದ ಗುಡುಗುಡಣ್ಣ, ಎದ್ದು ನಿಂತು.

"ನಿಟ್ಟುಸಿರು," ಎಂದರು ಸ್ಟೇಷನ್ ಮಾಸ್ತರು. "ನಿಮಗೆ ಹೇಗೆ ಗೊತ್ತು?"

"ಕೆಂಪಾ?"

"ಕಡುಗೆಂಪು."

"ಚೋಕಿನ ಗುಂಡಿ..."

ಸ್ಟೇಷನ್ ಮಾಸ್ತರು ಅವನನ್ನು ದಿಟ್ಟಿಸಿ ನೋಡಿದರು. ಪ್ಲಾಸ್ಟರ್ ಮೆತ್ತಿದ ಕೋಟು ನೋಡಿದರು. ತಮ್ಮ ಬಾಯಿ ಮುಟ್ಟಿಕೊಂಡರು. "ಓಹೋ! ಗಾಡಿಗೆ ದವಡೆಹಲ್ಲು ಕಟ್ಟಿದ ಪುಣ್ಯಾತ್ಮ ನೀವೇನಾ? ಅದನ್ನ ಹಿಡಿದು ಎಳೆದಾಗಲೆಲ್ಲ ನನ್ನ ಹಲ್ಲೇ ಕಿತ್ತ ಹಾಗಾಗ್ತಿತ್ತಲ್ಲರೀ! ನೋಡಿ, ಕೊನೆಗೆ ನನಗೂ ನೀವೇ ಕಟ್ಟಬೇಕಾಯ್ತು!"

ಒಂದು ತಿಂಗಳಿನಿಂದ ಗುಡುಗುಡಣ್ಣ ಆ ದವಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದ. ಒಂದೇ ಒಂದು ಸಲ ಪರದೆ ಸರಿಸಿ ಅದರ ಯಜಮಾನನ ಮುಖ ನೋಡಿ ಒಂದು ಮಾತಾಡಿದ್ದರೆ, ಆ ಮಾತು ಗಾಡಿಯ ಕಡೆ ತಿರುಗದೇ ಇರುತ್ತಿತ್ತೇ? ಅವನ ಯಾವ ಮಾತು ತಾನೇ ತಿರುಗದೆ ಇತ್ತು!

ಎಲ್ಲರೂ ಪಕ್ಕದ ಬೀದಿಯ ಶೆಡ್ಡಿಗೆ ಹೋದರು. ಗಿಳಿಯಕ್ಕ ಡಬ್ಬವನ್ನು ಬಿಡುವುದಕ್ಕೂ ಮರೆತು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು. ಸ್ಟೇಷನ್ ಮಾಸ್ತರು ಹಳೆಯ ಹೊದಿಕೆಯನ್ನು ಸರಿಸಿದರು.

ಬಣ್ಣ ಮಾಸಿತ್ತು. ಟ್ಯಾಂಕಿನ ಮೇಲೊಂದು ತಗ್ಗು, ಇವನ ಕಾಲದ್ದಲ್ಲ. ದವಡೆಹಲ್ಲು ಮಾತ್ರ ಸ್ವಲ್ಪ ಹಳದಿಗಟ್ಟಿ, ವಯಸ್ಸಿಗೆ ತಕ್ಕಂತೆ, ಗಟ್ಟಿಯಾಗಿ ಕೂತಿತ್ತು. ಗುಡುಗುಡಣ್ಣ ಹಿಂದಕ್ಕೆ ಹೋಗಿ ಕಂಬಿ ನೋಡಿದ. ಅದು ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು.

"ನನ್ನ ಮನೆಯವಳೂ ಅದನ್ನ ಹಿಡಿದವಳಲ್ಲ," ಎಂದರು ಸ್ಟೇಷನ್ ಮಾಸ್ತರು, ಅವನ ದೃಷ್ಟಿ ಹೋದ ಕಡೆ ನೋಡಿ. "ಅವಳು ಹೋದಮೇಲೆ ಗಾಡೀನೂ ಸ್ಟಾರ್ಟ್ ಆಗೋದು ಬಿಡ್ತು. ನಾನೂ ಬಲವಂತ ಮಾಡ್ಲಿಲ್ಲ. ಇವತ್ತು ಸದ್ದು ಕೇಳಿದಾಗ ಕಳ್ಳ ಅಂತ ಓಡಿದೆ ಅಂದೆನಲ್ಲ, ಅದು ಸುಳ್ಳು. ತಾನಾಗೇ ಎದ್ದಿತೇನೋ ಅಂತ ಓಡಿದೆ."

ಗುಡುಗುಡಣ್ಣ ಬಹಳ ಹೊತ್ತು ಟ್ಯಾಂಕು ನೇವರಿಸಿದ. ಕೊನೆಗೆ, ತನಗೇ ಕೇಳಿಸದಷ್ಟು ಮೆಲ್ಲಗೆ, "ಮಾರ್ತೀರಾ?" ಎಂದ.

ಸ್ಟೇಷನ್ ಮಾಸ್ತರು ನಕ್ಕರು. ಸಣ್ಣಗೆ ಸೀಟಿ ಹೊಡೆಯಿತು.

"ಗಾಡಿ ಮಾರಿದವನ ಮುಖಾನ ಇಷ್ಟು ಹತ್ತಿರದಿಂದ ನೋಡಿದ ಮೇಲೆ, ಮಾರ್ತೀನಾ ನಾನು?"

ಗುಡುಗುಡಣ್ಣ ಕೋಟಿನ ತುದಿಯಿಂದ ಟ್ಯಾಂಕಿನ ತಗ್ಗನ್ನು ಒರೆಸಿದ. ಮಾತು ನ್ಯಾಯವಾದದ್ದೇ.

"ಒಂದು ಸಲ ತುಳೀರಿ ಬೇಕಾದ್ರೆ," ಎಂದರು ಮಾಸ್ತರು. "ಮೊದಲನೇ ಯಜಮಾನನ ಕಾಲಿನ ಗುರುತು ಹಿಡಿದ್ರೂ ಹಿಡೀಬಹುದು."

ಗುಡುಗುಡಣ್ಣ ತಾನು ಮೊದಲನೆಯವನಲ್ಲ ಎಂದು ತಿದ್ದಲಿಲ್ಲ. ಹೆಂಡತಿಗೆ ಫೋನು ಮಾಡಿ, "ಸುಮ್ನೆ ಕೇಳ್ತಾ ಇರು" ಎಂದು ಹೇಳಿ ಅದನ್ನು ಮೇಲಿನ ಜೇಬಿನಲ್ಲಿ ಇಟ್ಟುಕೊಂಡ. ಗಾಡಿ ಹತ್ತಿ ಕೂತು ಎಡಕ್ಕೆ ವಾಲಿಸಿದ. ಟ್ಯಾಂಕು ನೇವರಿಸಿದ. ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳಿದ, ಕಿವಿ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ದವಡೆಹಲ್ಲು ಎಳೆದ. ತುಳಿದ. ಏನೂ ಇಲ್ಲ. ಮತ್ತೆ ತುಳಿದ. ಮತ್ತೆ. ಗೋಡೆ ಹಾರಿದ ಪ್ಯಾಂಟು ಇನ್ನಷ್ಟು ಹರಿಯಿತು. ಬೆವರು ಕಣ್ಣಿಗಿಳಿಯಿತು. ಎಲ್ಲರೂ ಬೇರೆ ಕಡೆ ನೋಡತೊಡಗಿದರು.

ಗುಡುಗುಡಣ್ಣ ಕಣ್ಣು ಮುಚ್ಚಿಕೊಂಡ. "ಇದೊಂದ್ಸಲ ಕಣೇ" ಎಂದು, ಗಾಡಿಗೋ ಜೇಬಿನಲ್ಲಿದ್ದವಳಿಗೋ ಹೇಳಿ, ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ತುಳಿದ.

ಗುಡು ಗುಡು ಗುಡು ಗುಡು... ಬಿಕ್! ಹೂಂ... ಮ್.

ಶೆಡ್ಡು ತುಂಬಿಹೋಯಿತು. ಸ್ಟೇಷನ್ ಮಾಸ್ತರು ಗಾಡಿಯ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಗುಡುಗುಡಣ್ಣ ಜೇಬಿನಿಂದ ಫೋನು ತೆಗೆದು ಗಾಳಿಯಲ್ಲಿ ಎತ್ತಿ ಹಿಡಿದ. "ಕೇಳಿಸ್ತಾ? ಲೇ, ಕೇಳಿಸ್ತೇನೇ?"

"ಕೇಳಿಸ್ತು ರೀ," ಎಂದಿತು ಫೋನು, ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ. "ಆದ್ರೆ ಗಿಳೀಗೆ ಸ್ವಲ್ಪ ಹೇಳಿ, ನಿಟ್ಟುಸಿರು ಬೇಗ ಬಂತು. ಬಿಕ್ಕಳಿಕೆ ಆದಮೇಲೆ ಒಂಚೂರು ತಡೀಬೇಕು. ನಿನ್ನೆ ಅಷ್ಟು ಹೊತ್ತು ಫೋನಲ್ಲಿ ಹೇಳಿಕೊಟ್ಟಿದೀನಿ!"

ಗುಡುಗುಡಣ್ಣ ಕಣ್ಣು ಬಿಟ್ಟ. ಕೆಳಗೆ ಗಾಡಿ ಕಲ್ಲಿನಂತೆ ನಿಂತಿತ್ತು, ಹ್ಯಾಂಡಲ್ಲಿನಲ್ಲಿ ಒಂದಿಷ್ಟೂ ನಡುಕವಿಲ್ಲ. ತಿರುಗಿ ನೋಡಿದರೆ ಬಾಗಿಲ ಹತ್ತಿರ ಗಿಳಿಯಕ್ಕ, ಕುತ್ತಿಗೆಯವರೆಗೆ ಡಬ್ಬದಲ್ಲಿ. ಡಬ್ಬ ಮೆಲ್ಲಗೆ ಕೆಳಗಿಳಿಯಿತು. ಅವಳ ಗಲ್ಲದ ಪ್ಲಾಸ್ಟರಿನ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು.

"ಪಾಪ ಅನ್ನಿಸ್ತು ಗುಡುಗುಡಣ್ಣ," ಎಂದಳು. "ಅದಕ್ಕೇ."

ಗುಡುಗುಡಣ್ಣ ಫೋನನ್ನು ಕಿವಿಗೆ ಹಚ್ಚಿದ.

"ನಿಂಗೆ ಆ ನಿಟ್ಟುಸಿರು ನೆನಪಿತ್ತಾ? ನಂಗೇ ಮರೆತಿತ್ತಲ್ಲೇ."

"ಸೈಲೆನ್ಸರ್ ಪಕ್ಕ ಕೂತವಳು ನಾನಲ್ವಾ?" ಎಂದಳು ಹೆಂಡತಿ. "ನಿಮಗೆ ಮುಂದೆ ಬರೀ ಗಾಳಿ ಕೇಳಿಸ್ತಿತ್ತು."

ಸತ್ತ ಗಾಡಿಯ ಮೇಲೆ, ಹರಿದ ಪ್ಯಾಂಟಿನಲ್ಲಿ, ಸಂಜೆಯ ಫೋಟೋಗೆ ಮುಂಚೆ ಒಂದು ಹಲ್ಲು ಹೊಸದಾಗಿ ನೆಡಬೇಕಾದ ಸಾಲ ಹೊತ್ತು ಕೂತಿದ್ದ ಗುಡುಗುಡಣ್ಣನ ಹೊಟ್ಟೆಯೊಳಗೆ ಏನೋ ಅಲುಗಿತು. ಮೊದಲು ಭುಜ ಕುಣಿಯಿತು. ಆಮೇಲೆ ಬಾಯಿ ತೆರೆಯಿತು. ಡಾಕ್ಟರಮ್ಮ ನಕ್ಕರು, ಗಿಳಿಯಕ್ಕ ಅಳುತ್ತಲೇ ನಕ್ಕಳು, ಸ್ಟೇಷನ್ ಮಾಸ್ತರು ಸೀಟಿ ಹೊಡೆಯುತ್ತಾ ನಕ್ಕರು, ಫೋನೂ ನಕ್ಕಿತು. ಅವರೆಲ್ಲರ ನಗೆಯನ್ನು ಮುಳುಗಿಸಿ ಗುಡುಗುಡಣ್ಣನ ನಗು ಶೆಡ್ಡಿನ ತಗಡು ನಡುಗಿಸಿತು. ಹಹ ಹಹ ಹಹ ಹಹ... ಬಿಕ್! ಒಂಚೂರು ತಡೆದು, ಎಷ್ಟು ತಡೆಯಬೇಕೋ ಅಷ್ಟೇ ತಡೆದು, ಒಂದು ಉದ್ದನೆಯ ನಿಟ್ಟುಸಿರು.

"ಹಾಂ," ಎಂದಿತು ಫೋನು. "ಈಗ ಸರಿಯಾಗಿ ಬಂತು ನೋಡಿ."